ಹದಿನಾಲ್ಕು ಮೂಟೆ

ಬಟ್ಟೆ ಒಣಹಾಕುವ ತಂತಿಗೆ ಎರಡು ಕಂಬ. ಅಷ್ಟೇ ಕೆಲಸ.
ಆದರೆ ಸಸ್ಕ್ಯಾಚುವಾನಿನ ನೆಲ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ,
ನೆಟ್ಟಿದ್ದನ್ನೆಲ್ಲ ಮೇಲಕ್ಕೆ ನೂಕಿ ಉಗುಳುತ್ತದೆ
ಕಹಿ ಔಷಧಿ ಕುಡಿಸಿದ ಕೂಸಿನಂತೆ.
ಹಳೆಯ ಕಂಬಗಳೆರಡೂ ಗುಟ್ಟು ಹೇಳುವವರ ಹಾಗೆ ವಾಲಿ
ಒರಿಸ್ಯಳ ಚಾದರಗಳನ್ನು ಮೂರು ವರ್ಷ ಕೆಸರಿಗೆ ಅದ್ದಿದವು.
‘ಈ ಸಲ ಐದಡಿ ಆಳ’ ಅಂದಳು.

ಬೀಜದಂಗಡಿಯ ಲಕೋಟೆ ಹರಿದು ಬೆನ್ನಿಗೆ
ಒಂದು ಗುಂಡಿ ಬರೆದೆ. ಅಗಲ ಒಂದಡಿ.
ಅರ್ಧವನ್ನು ಅರ್ಧದಿಂದ ಗುಣಿಸಿ, ಮೂರೂ ಚಿಲ್ಲರೆಯಿಂದ ಗುಣಿಸಿ,
ಆಳದಿಂದ ಗುಣಿಸಿ, ಎರಡು ಗುಂಡಿ ಅಂತ ಮತ್ತೆ ಗುಣಿಸಿ
ಎಂಟು ಘನ ಅಡಿಗೆ ಒಂದು ಬೊಗಸೆ ಕಡಿಮೆ.
ಮೂಟೆಗೆ ಅರ್ಧ ಘನ ಅಡಿ.
‘ಹದಿನಾರು ತಾ, ಕೋರ್ನಿ’ ಅಂದಳು,
ಬೀಟ್‌ರೂಟ್ ಹೆಚ್ಚಿದ ಕೆಂಪು ಕೈಯಲ್ಲೇ ಬಾಗಿಲಿಗೆ ಬಂದು.

ಆದರೆ ಕಂಬ ಇರುವಲ್ಲಿ ಕಾಂಕ್ರೀಟು ಇರುವುದಿಲ್ಲವಲ್ಲ!
ಕಂಬದ ದಪ್ಪ ಕಳೆದೆ.
ಮೂವತ್ತೊಂದು ವರ್ಷ ಧಾನ್ಯದ ಗೋದಾಮಿನಲ್ಲಿ ತೂಕ ಬರೆದವನು ನಾನು,
ಲಾರಿಯ ಜೊತೆ ಚಾಲಕನ ಊಟದ ಡಬ್ಬಿಯನ್ನೂ ತೂಗಿ ಕಳೆದವನು.
ಹದಿನಾಲ್ಕು.
ಕೆಳಗೆ ಎರಡು ಗೆರೆ ಎಳೆದೆ.

ಮೊದಲ ಗುಂಡಿ ಏಳು ಮೂಟೆ ಕುಡಿದು
ಅಂಚಿಗೆ ಸರಿಯಾಗಿ ನಿಂತಿತು, ತಟ್ಟೆಗೆ ಹೊಯ್ದ ಗಂಜಿಯ ಹಾಗೆ.
ನಾನು ಟೋಪಿ ಸರಿಮಾಡಿಕೊಂಡೆ.
ಎರಡನೆಯದು ಏಳೂ ನುಂಗಿ
ಇನ್ನೂ ಮೊಣಕಾಲಷ್ಟು ಬಾಯಿ ತೆರೆದೇ ಇತ್ತು.
ಕೋಲು ಹಾಕಿ ನೋಡಿದೆ. ಲಕೋಟೆ ತೆಗೆದು ನೋಡಿದೆ.
ಗುಣಾಕಾರದಲ್ಲಿ ತಪ್ಪಿಲ್ಲ.

ಆಗ ನೆನಪಾಯಿತು, ಅಗೆಯುವಾಗ ಸಿಕ್ಕ ಕಲ್ಲು.
ಟಗರಿನ ತಲೆಯಷ್ಟು, ಅರ್ಧ ದಿನ ಹಾರೆಯಲ್ಲಿ ಮೀಟಿ
ಬೈದು ಬೆವೆತು ಬೇಲಿಗೆ ಉರುಳಿಸಿದ್ದು.
ಕಲ್ಲನ್ನು ತೆಗೆದಿದ್ದೆ.
ಅದು ಕೂತಿದ್ದ ಜಾಗವನ್ನು ಕೂಡಿರಲಿಲ್ಲ.

ಭಾನುವಾರ. ಅಂಗಡಿ ಮುಚ್ಚಿದೆ, ಅದೂ ನಲವತ್ತು ಮೈಲಿಯಾಚೆ.
ಡೋಣಿಯಲ್ಲಿ ಉಳಿದದ್ದು ಬಿಗಿಯತೊಡಗಿದೆ.
ಒರಿಸ್ಯ ಏನೂ ಅನ್ನಲಿಲ್ಲ, ಅದೇ ಹೆಚ್ಚು ಉರಿಯಿತು.
ಸುತ್ತಿಗೆ ತಂದಳು, ಕಲ್ಲನ್ನು ಎಂಟು ಚೂರು ಮಾಡಿದಳು,
ನೀರಿನ ಪೈಪಿನಲ್ಲಿ ಒಂದೊಂದನ್ನೂ ತೊಳೆದಳು
ಹಬ್ಬಕ್ಕೆ ಆಲೂಗಡ್ಡೆ ತೊಳೆದಂತೆ,
ಕಂಬದ ಸುತ್ತ ಇಳಿಸಿ ಕೋಲಿನಿಂದ ಕುಟ್ಟಿದಳು.
ಗಾರೆ ಮೇಲೇರಿತು.
ಅಂಗೈಯಗಲ ಕಡಿಮೆ ಬಿತ್ತು. ಅಷ್ಟಕ್ಕೆ ಮಣ್ಣು ಮುಚ್ಚಿದೆವು.

ಜನವರಿಯಲ್ಲಿ ನನ್ನ ಪ್ಯಾಂಟು ತಂತಿಯ ಮೇಲೆ ಸೆಟೆದು
ಹಲಗೆಯಂತೆ ನಿಂತಿತ್ತು, ಒಳಗೆ ಯಾರೋ ಇದ್ದಾರೆ ಅನ್ನುವ ಹಾಗೆ.
ಮೇ ತಿಂಗಳಲ್ಲಿ ಮಟ್ಟಗೋಲು ಹಿಡಿದು ಹೋದೆ.
ಲೆಕ್ಕ ಸರಿಬಂದ ಕಂಬ ಕೂದಲೆಳೆಯಷ್ಟು ವಾಲಿದೆ.
ಇನ್ನೊಂದರ ಗುಳ್ಳೆ ನಟ್ಟನಡುವೆ.

ಒಳಗೆ ಹೋಗಿ ಗಾಳಿಯನ್ನು ದೂರಿದೆ.
‘ಹೂಂ, ಗಾಳಿ’ ಅಂದಳು,
ಒದ್ದೆ ಬಟ್ಟೆಯ ಬುಟ್ಟಿಯನ್ನು ನನ್ನ ಕೈಗಿಟ್ಟು.