ವಿನಾಯಿತಿಗೆ ಕಾರಣ

ಕುತಾಯಿಸಿಯ ಜನನ ಮರಣ ವಿವಾಹಗಳ ಕಚೇರಿಯಲ್ಲಿ
ಹನ್ನೊಂದು ಕಂಪ್ಯೂಟರು, ನೋಡಿಕೊಳ್ಳಲು ನಾನೊಬ್ಬ.
ಗಂಡನ ಸಾವು ಬರೆಸಲು ಬಂದ ಹೆಂಗಸೊಬ್ಬಳು
ಗೋಚಾನ ಪರದೆಯ ಮೇಲೆ
ಬಿಕಿನಿ ತೊಟ್ಟವಳು ಕಲ್ಲಂಗಡಿ ತಿನ್ನುವುದನ್ನು ಕಂಡಳಂತೆ.
ಅತ್ತಳೋ ನಕ್ಕಳೋ, ಈಗ ಎರಡು ಪಾಠಗಳಿವೆ.
ತ್ಬಿಲಿಸಿಯಿಂದ ಆದೇಶ ಮಾತ್ರ ಒಂದೇ ಬಂತು:
ಎಲ್ಲ ಪರದೆಗೂ ಬೂದು ನೀಲಿ. ನಡುವೆ ಲಾಂಛನ.
ಯಾರೂ ಏನನ್ನೂ ಬದಲಿಸುವಂತಿರಬಾರದು.

ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಕೂತೆ.
ಕೆಲಸ ದೊಡ್ಡದೇನಲ್ಲ.
ಒಂದು ಪಟ್ಟಿ, ಪಟ್ಟಿಯ ತುಂಬ ಸಣ್ಣ ಚೌಕ,
ಚೌಕದೊಳಗೊಂದು ಗುರುತು ಹಾಕಿದರೆ
ಹನ್ನೊಂದು ಕಡೆ ಒಂದು ಬಾಗಿಲು ಮುಚ್ಚುತ್ತದೆ.
ಚಿತ್ರದ ಬಾಗಿಲು. ಬಣ್ಣದ್ದು. ಗಡಿಯಾರದ್ದು.
ಅಕ್ಷರ ಹಿಗ್ಗಿಸುವುದು
ಅದೂ ಪಟ್ಟಿಯಲ್ಲಿತ್ತು, ಅದಕ್ಕೂ ಹಾಕಿದೆ.
ಕೈ ಒಮ್ಮೆ ಹರಿಯತೊಡಗಿದರೆ ಹರಿಯುತ್ತದೆ.
ಹೋಗುವಾಗ ರಿಯೋನಿ ನದಿಯ ಸೇತುವೆ ಮೇಲೆ ನಿಂತು
ಸೂರ್ಯಕಾಂತಿ ಬೀಜ ಬಿಡಿಸಿ ತಿಂದೆ,
ಏನೋ ಕಟ್ಟಿದವನ ಹಾಗೆ.

ಸೋಮವಾರ.
ಗೋಚಾ ಬೈದ. ಅದು ಗೊತ್ತಿದ್ದದ್ದೇ.
ಮೊಮ್ಮಗು ಮಾಯವಾಗಿದ್ದಕ್ಕೆ ಎತೇರಿ
ನನ್ನ ಮೂರು ತಲೆಮಾರು ಜಾಲಾಡಿದಳು;
ಮಧ್ಯಾಹ್ನ ಅದರ ಫೋಟೋ ಅಚ್ಚು ಹಾಕಿಸಿ
ಪರದೆಯ ಅಂಚಿಗೆ ಅಂಟಿಸಿದಳು.
ಅಂಟುಪಟ್ಟಿಯನ್ನು ತಡೆಯುವ ಚೌಕ ನನ್ನ ಬಳಿ ಇಲ್ಲ.

ನಾಜಿಬ್ರೋಲಾ ತುಟಿ ಬಿಚ್ಚಲಿಲ್ಲ.
ಮೂರನೇ ಕಿಟಕಿ. ಮೂವತ್ತೊಂದು ವರ್ಷ.
ಅರ್ಧ ಊರಿನ ಹೆಸರು ಅವಳೇ ಬರೆದದ್ದು,
ಅದರಲ್ಲಿ ನನ್ನದೂ ಒಂದು.
ಅವಳ ಪರದೆಯಲ್ಲಿ ಎಂದೂ ಚಿತ್ರ ಇದ್ದದ್ದಿಲ್ಲ.
ಕಳಕೊಳ್ಳಲು ಏನೂ ಇಲ್ಲದವಳು ಅಂದುಕೊಂಡಿದ್ದೆ.

ಬುಧವಾರ ಒಂದು ಮಗು ತಪ್ಪಾಗಿ ಹುಟ್ಟಿತು.
ವಾನೋ ಆಗಬೇಕಿದ್ದವನು ಕಾಗದದಲ್ಲಿ ಕಾನೋ.
ನಮ್ಮ ಲಿಪಿ ದುಂಡು, ದ್ರಾಕ್ಷಿಬಳ್ಳಿಯ ಕುಡಿ ಸುತ್ತಿಕೊಂಡ ಹಾಗೆ;
ವಕಾರಕ್ಕೂ ಕಕಾರಕ್ಕೂ ನಡುವೆ
ನೆತ್ತಿಯ ಮೇಲಿನ ಒಂದು ಕೂದಲೆಳೆ.
ಮಗುವಿನ ಅಪ್ಪ ನಗುತ್ತಲೇ ಕಾಗದ ಹಿಂದಿರುಗಿಸಿದ.
ಅವಳು ನಗಲಿಲ್ಲ.
ಗುರುವಾರ ಇನ್ನೊಂದು. ಈ ಸಲ, ಸತ್ತ ಇಸವಿ.

ಮರುದಿನ ಊಟದ ಹೊತ್ತು, ಯಾರೂ ಇಲ್ಲವೆಂದುಕೊಂಡು
ಪರದೆಗೆ ಮೂಗು ತಾಗಿಸಿ ಕೂತಿದ್ದಳು,
ಒಲೆ ಊದುವವಳ ಹಾಗೆ.
ಕೈಯಲ್ಲಿ ಭೂತಗನ್ನಡಿ,
ಅಂಚೆಚೀಟಿ ಕೂಡಿಸುವ ಹುಡುಗರದು.
ಬಾಗಿಲಲ್ಲಿ ನಾನು. ಹೆಜ್ಜೆಯಿಂದ ಗುರುತಿಸಿದಳು, ಮುಖದಿಂದಲ್ಲ.
‘ಬಾದ್ರಿ,’ ಅಂದಳು, ‘ಮೊದಲು ದೊಡ್ಡದು ಮಾಡಿಕೊಳ್ಳುತ್ತಿದ್ದೆ.
ವರ್ಷಕ್ಕೊಂದು ಮೆಟ್ಟಿಲು.
ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ.’
ಅಷ್ಟೇ. ಭೂತಗನ್ನಡಿಯನ್ನು ಸ್ವೆಟರಿನ ಜೇಬಿಗೆ ಇಳಿಸಿ
ಕಾಳು ತುಂಬಿದ ರೊಟ್ಟಿಯ ಪೊಟ್ಟಣ ಬಿಚ್ಚಿದಳು,
ನನಗೂ ಮುರಿದು ಕೊಟ್ಟಳು.

ಒಬ್ಬರನ್ನು ನಿಯಮದಿಂದ ಬಿಡಿಸಲು ಒಂದು ನಮೂನೆ ಇದೆ.
ಹೆಸರು, ಯಂತ್ರದ ಸಂಖ್ಯೆ, ಕಾರಣ.
ಕಾರಣದ ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗದು.
‘ಕಣ್ಣು’ ಎಂದು ಟೈಪು ಮಾಡಿದೆ. ಅಳಿಸಿದೆ.
ಕಣ್ಣು ಎಂದರೆ ವೈದ್ಯರ ಚೀಟಿ, ಸಮಿತಿ,
ಮೇಲಧಿಕಾರಿ ಜುಂಬೇರನ ಮುಖದಲ್ಲಿ ಮೂಡುವ ಆ ಮೆತ್ತನೆ,
ಬೀಳ್ಕೊಡುಗೆಗೆ ಒಂದು ಹೂದಾನಿ.
ಬರೆದೆ: ಮಾನಿಟರ್ ದೋಷಪೂರಿತ.

ಬಂತಪ್ಪಾ ಮಾನಿಟರು!
ಮೂರೇ ವಾರಕ್ಕೆ, ಕೇಳದೆಯೇ,
ಕೇಳಿದ್ದೊಂದೂ ಇದುವರೆಗೆ ಬಾರದ ರಾಜಧಾನಿಯಿಂದ.
ಹೊಸದು, ಅಗಲ, ತಟ್ಟೆಯಂಥ ನುಣುಪು.
ಜೊತೆಗೊಂದು ಸಾಲು: ದೋಷ ಸರಿಪಡಿಸಲಾಗಿದೆ,
ವಿನಾಯಿತಿ ರದ್ದು.

ಅಗಲ ಪರದೆಯಲ್ಲಿ ಅಕ್ಷರ ಇನ್ನೂ ಸಣ್ಣ.
ನಾಜಿಬ್ರೋಲಾ ಅದರ ಹೊಳಪಿನಲ್ಲಿ
ಮುಂಗುರುಳು ಸರಿಮಾಡಿಕೊಂಡು ನನ್ನತ್ತ ತಿರುಗಿದಳು.
ನಮೂನೆ ಮತ್ತೆ ತೆರೆದೆ.
ಕಾರಣ: ಹೊಸ ಮಾನಿಟರೂ ದೋಷಪೂರಿತ.

ಒಂದು ಸುಳ್ಳಿಗೆ ಮೂರು ವಾರ.
ಅವಳ ನಿವೃತ್ತಿಗೆ ಇಪ್ಪತ್ತಾರು ತಿಂಗಳು.
ಮೂವತ್ತೇಳು ಮಾನಿಟರು ಹಿಡಿಸುತ್ತದೆಯೇ ಉಗ್ರಾಣದಲ್ಲಿ,
ನಾಳೆ ಟೇಪು ತಂದು ಅಳೆದು ನೋಡಬೇಕು.