ಹತ್ತಿಯ ಅಂಗಿ

ಬಿಚ್ಚು ಆ ಕಾಲುಚೀಲ, ಡೆಲ್ಫಿನಾ.
ನೈಲಾನ್ ಅದು. ಹೊಳೆಯುತ್ತೆ, ಸರಿ.
ಕಿಡಿ ತಾಗಿದರೆ ಕರಗಿ ಚರ್ಮಕ್ಕಂಟಿ
ಬರುವಾಗ ಚರ್ಮವನ್ನೂ ಕರೆದುಕೊಂಡೇ ಬರುತ್ತೆ.
ಹತ್ತಿ ಹಾಗಲ್ಲ. ಹತ್ತಿಗೆ
ಉರಿಯುವುದೂ ಗೊತ್ತು, ಮೈ ಬಿಟ್ಟುಕೊಡುವುದೂ ಗೊತ್ತು.
ತಗೋ, ನಿನ್ನ ತಾತನ ಅಂಗಿ.
ತೋಳು ಉದ್ದವೇ. ಮಡಿಸಬೇಡ,
ಮಡಿಕೆಯೊಳಗೆ ಕಿಡಿ ಕೂತು ಮೊಟ್ಟೆಯಿಡುತ್ತೆ.

ಹೊರಗೆ ಮಾರ್ಚಿಯ ದೂಳು.
ತುಲ್ತೆಪೆಕ್ಕಿನ ಬೀದಿಯುದ್ದಕ್ಕೂ ಹೋರಿಗಳು,
ಮರದ ಎಲುಬು, ಕಾಗದದ ತೊಗಲು.
ಒಂದರ ಪಕ್ಕೆಯಲ್ಲಿ ಹೋದ ವರ್ಷದ ಲಾಟರಿ ಫಲಿತಾಂಶ,
ಒಂದರ ಗಂಟಲಲ್ಲಿ ಯಾರದೋ ಮದುವೆಯ ಕರೆಯೋಲೆ,
ಮೇಲೆ ಅಂಟು, ಅದರ ಮೇಲೆ ಬಣ್ಣ,
ಬೆನ್ನ ತುಂಬ ಮದ್ದು.
ಈ ರಾತ್ರಿ ಕುಣಿಯಲಿಕ್ಕೆಂದೇ ಮೂರು ತಿಂಗಳು ಬೆಳೆದವು.
ನಾಳೆ ಬರೀ ಎಲುಬು.

ಎಲ್ಲಾ ಸಂತ ಹುವಾನನ ಹೆಸರಲ್ಲಿ.
ಗ್ರನಾಡದ ಆಸ್ಪತ್ರೆಗೆ ಬೆಂಕಿ ಬಿದ್ದಾಗ
ರೋಗಿಗಳನ್ನು ಬೆನ್ನ ಮೇಲೆ ಹೊತ್ತು ತಂದನಂತೆ,
ಹಾಸಿಗೆಗಳನ್ನು ಕಿಟಕಿಯಿಂದ ಎಸೆದನಂತೆ,
ಕೊನೆಗೆ ಸುಟ್ಟದ್ದು ಹುಬ್ಬು ಮಾತ್ರ.
ಪಾದ್ರಿ ಅದನ್ನು ಪವಾಡ ಅನ್ನುತ್ತಾರೆ.
ಅನ್ನಲಿ ಪಾಪ.
ನನಗನ್ನಿಸುವುದು ಇಷ್ಟೇ:
ಆ ಕಟ್ಟಡಕ್ಕೆ ಎಷ್ಟು ಬಾಗಿಲು ಅಂತ
ಅವನು ಮೊದಲೇ ಎಣಿಸಿಟ್ಟುಕೊಂಡಿದ್ದ.

ನೀನೂ ಎಣಿಸಿಕೋ.
ಚೌಕಕ್ಕೆ ನಾಲ್ಕು ಬೀದಿ, ಒಂದನ್ನು ಗಾಡಿಯಿಟ್ಟು ಮುಚ್ಚಿದ್ದಾರೆ.
ಓಡುವುದಾದರೆ ಗಾಳಿ ಬರುವ ಕಡೆಗೆ ಓಡು.
ಬಗ್ಗಬೇಡ. ಬಗ್ಗಿದವರ ಮುಖವೇ ಕಿಡಿಗೆ ಮೊದಲ ಮನೆ.
ಕನ್ನಡಕ ತೆಗೆಯಬೇಡ, ಯಾವ ಹುಡುಗ ನೋಡುತ್ತಿದ್ದರೂ.

ನಗಬೇಡ.
ನಿನ್ನ ತಾತ ನಿಕಾನೋರನನ್ನು ನೋಡಿಯೂ ಜನ ನಗುತ್ತಿದ್ದರು.
ಜೋಳದ ಹೊಲದಾಚೆ ಅವನ ಮದ್ದಿನ ಗುಡಿಸಲು.
ಬೆಲ್ಟನ್ನು ಬೇಲಿಗೆ ನೇತುಹಾಕಿ
ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡು ಒಳಗೆ ಹೋಗುವವನು,
ಬಕಲಿನ ಕಬ್ಬಿಣವನ್ನೂ ನಂಬದೆ.
ಹೊಸಿಲ ಬಳಿ ಒಂದು ಹಿಡಿ ಒದ್ದೆ ಮಣ್ಣು;
ಬರಿಗಾಲಲ್ಲಿ ಅದನ್ನು ತುಳಿದೇ ತುಳಿಯಬೇಕು,
ಮೈಯೊಳಗಿನ ಮಿಂಚು ಇಳಿದುಹೋಗಲಿ ಅಂತ.
ಒಂದೇ ಒಂದು ದಿನ,
ನಿನ್ನಮ್ಮನಿಗೆ ಹೆಸರಿಡುವ ಗಡಿಬಿಡಿ,
ತುಳಿಯಲಿಲ್ಲ.

ಐದು ಬೆರಳೂ ಒಂದೇ ಸಮ ಇರುವುದಿಲ್ಲ ಅಂತಾರಲ್ಲ,
ಆಮೇಲೆ ಉಳಿದ ಮೂರೂ ಸಮ ಇರಲಿಲ್ಲ.
ಆ ಮೂರರಲ್ಲೇ ಮೂವತ್ತೊಂದು ವರ್ಷ
ಬತ್ತಿ ಹೊಸೆದ.
ನೀನು ಹುಟ್ಟಿದಾಗ ತೊಟ್ಟಿಲ ಹಗ್ಗವನ್ನೂ
ಬತ್ತಿಯ ಹಾಗೇ ಹೊಸೆದಿದ್ದ.
ನನಗೆ ಬಹಳ ದಿನ ಭಯ.

ಎಲ್ಲಿ, ನೋಡೋಣ ನಿನ್ನ ಹೋರಿ.
ಕೊಂಬು ತುಸು ಎಡಕ್ಕೆ ವಾಲಿದೆ.
ಹೊಟ್ಟೆಗೆ ಅಷ್ಟು ಹಳದಿ ಬೇಕಿತ್ತಾ?
ಕಿವಿಯ ಹಿಂದೆ ಇದೇನು,
ನೀಲಿ ಬಣ್ಣದಲ್ಲಿ ಅದ್ದಿದ ಒಂದು ಅಂಗೈ,
ಎರಡು ಬೆರಳು ಮಡಚಿಟ್ಟುಕೊಂಡು
ಒತ್ತಿದ ಹಾಗೆ.

ಹೋಗು. ಹೊತ್ತಾಯಿತು.
ಕರವಸ್ತ್ರ ಒದ್ದೆಯಿದೆಯಾ? ಹೋಗು.

ನಾನು ತಾರಸಿಯಲ್ಲಿ, ನೀರಿನ ತೊಟ್ಟಿಯ ಪಕ್ಕ,
ಕಂಬಳಿ ನೆನೆಸಿಟ್ಟುಕೊಂಡು ಕೂತೆ.
ಚೌಕ ಕಾಣಿಸುವುದಿಲ್ಲ ಇಲ್ಲಿಂದ.
ಕಾಣಿಸುವುದು ಹೊಗೆಯ ಹೊಟ್ಟೆ, ಒಳಗಿನಿಂದ ಕೆಂಪಾಗುವುದು,
ಮತ್ತೆ ಹಸಿರಾಗುವುದು, ಬ್ಯಾಂಡಿನ ತುತ್ತೂರಿ,
ಒಂದೇ ಸಲ ಸಾವಿರ ಜನ ಕಿರುಚಿ
ಒಂದೇ ಸಲ ನಗುವುದು.
ಸುಳ್ಳು ಹೇಳಬಾರದು, ಚಂದ.
ಇಷ್ಟು ವರ್ಷವಾದ ಮೇಲೂ, ಥೂ, ಎಷ್ಟು ಚಂದ.

ಎರಡು ಗಂಟೆಗೆ ಬಂದಳು, ಮಸಿ ಮೆತ್ತಿದ ಬೆಕ್ಕು.
ಅಂಗಿಯಲ್ಲಿ ಹನ್ನೊಂದು ತೂತು.
ಬೆರಳೆಣಿಸಿದೆ, ಹತ್ತು.
ಮತ್ತೊಮ್ಮೆ ಎಣಿಸಿದೆ. ಬೈದಳು.
ತಣ್ಣಗಿದ್ದ ತಮಾಲೆ ಎರಡು ತಿಂದು
ಬೂಟುಗಾಲಲ್ಲೇ ನಿದ್ದೆ ಹೋದಳು.

ಟೋಪಿ ಕೊಡವುವಾಗ ಬಿತ್ತು,
ಸಿಡಿಯದೆ ಉಳಿದ ಒಂದು ಸಣ್ಣ ಪಟಾಕಿ,
ಬತ್ತಿ ಅರ್ಧ ಕಪ್ಪಾಗಿ.
ಬಕೆಟ್ಟಿನ ನೀರಿಗೆ ಹಾಕಿದೆ.
ಬುಳಕ್ ಎಂದು ಮುಳುಗಿ ಮತ್ತೆ ಮೇಲೆ ಬಂತು.
ಬೆಳಗಿನ ತನಕ
ನೀರೂ ಅದನ್ನು ನಂಬಲಿಲ್ಲ,
ನಾನೂ.