ಹದಿನೆಂಟು ಗ್ರಾಂ

ಕೆಫ್ ಊರಿನ ಏರುದಾರಿಯನ್ನು ಬೆಳಗಿನ ಐದೂವರೆಗೆ
ನಾನೂ ನನ್ನ ತಕ್ಕಡಿಯೂ ಹತ್ತುತ್ತೇವೆ.
ವ್ಯಾಪಾರ ಇಲಾಖೆಯ ತೂಕದ ಇನ್ಸ್‌ಪೆಕ್ಟರ್ ನಾನು, ಲಜ್ಹರ್.
ರೊಟ್ಟಿ ಸುಳ್ಳು ಹೇಳದಂತೆ ನೋಡಿಕೊಳ್ಳುವುದು ಕೆಲಸ.

ಮೊಂಜಿಯ ಬೇಕರಿಯೆದುರಿನ ಸಾಲು ಆಗಲೇ
ಮಸೀದಿಯ ಮೂಲೆ ತಿರುಗಿದೆ.
ಕೈಗೆ ಸಿಕ್ಕ ಉದ್ದ ರೊಟ್ಟಿಯೊಂದನ್ನು ತಟ್ಟೆಗಿಡುತ್ತೇನೆ.
ಇನ್ನೂ ಬಿಸಿ. ಮುಳ್ಳು ತುಸು ತೂಗಾಡಿ ನಿಲ್ಲುತ್ತದೆ:
ಹದಿನೆಂಟು ಗ್ರಾಂ ಕಮ್ಮಿ.

"ಬರಕೋ," ಅಂದ ಮೊಂಜಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ,
"ಬರೆಯುವಾಗ ಇದನ್ನೂ ಬರಕೋ:
ಯೀಸ್ಟಿನ ಬೆಲೆ ಏರಿತು, ಕರೆಂಟಿನದು ಏರಿತು,
ಒಲೆಯ ಹುಡುಗನಿಗೆ ಮದುವೆಯಾಗಿ ಅವನ ಕೂಲಿಯೂ ಏರಿತು.
ಸರ್ಕಾರದ ಬಾಕಿಗೆ ಹದಿನಾಲ್ಕು ತಿಂಗಳು,
ಕೂಸಾಗಿದ್ದರೆ ಇಷ್ಟೊತ್ತಿಗೆ ನಡೆಯುತ್ತಿತ್ತು.
ರೊಟ್ಟಿಯ ಬೆಲೆ ಮಾತ್ರ ಗೋಡೆಗೆ ಹೊಡೆದ ಮೊಳೆ.
ಬೆಲೆ ಅಲುಗಕೂಡದು ಅಂದರೆ
ಬೇರೇನೋ ಅಲುಗಲೇಬೇಕಲ್ಲ, ಸಾಹೇಬ?"

ಅವನ ಬೆನ್ನ ಹಿಂದೆ ಗಾಜಿನ ಕಪಾಟು.
ಬಡವರ ಹೆಸರಿನ ಅದೇ ಹಿಟ್ಟು ಅಲ್ಲಿ
ಕೆನೆ ಹಚ್ಚಿಕೊಂಡು ಕೇಕಾಗಿ ಕೂತಿತ್ತು, ಕೇಳಿದ ಬೆಲೆಗೆ.
ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಟ್ಯೂನಿಸ್‌ನ ಕಾಲೇಜಿನಲ್ಲಿ ಮೇಷ್ಟ್ರು
ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದಿದ್ದರು,
ಇಳಿಯುವುದೊಂದು, ಏರುವುದೊಂದು.
ಅವು ಕೂಡುವಲ್ಲಿ ಸೀಮೆಸುಣ್ಣ ಒತ್ತಿ ಒಂದು ಚುಕ್ಕೆ:
"ಇಲ್ಲಿ ಏನೂ ಪೋಲಾಗುವುದಿಲ್ಲ.
ಕೊಳ್ಳಬಂದವನೂ ಮಾರಬಂದವನೂ ಒಪ್ಪಿ ಮನೆಗೆ ಹೋಗುತ್ತಾರೆ."
ಚಂದದ ಚುಕ್ಕೆ. ಈಗಲೂ ನನಗದು ಇಷ್ಟ.
ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು,
ಬರಿಗೈಲಿ ಬಂದವರು ಗೆರೆಯ ಯಾವ ಕಡೆ?
ಮೇಷ್ಟ್ರು ಕೈ ಕೊಡವಿದರು. ಸುಣ್ಣದ ಪುಡಿ ಉದುರಿತು.
"ಅವರು ಹಲಗೆಯ ಮೇಲಿಲ್ಲ. ಹಸಿವು ಬೇಡಿಕೆಯಲ್ಲ,
ಜೇಬಿರುವ ಹಸಿವು ಬೇಡಿಕೆ."

ಆ ಜನವರಿಯಲ್ಲಿ ನನಗೆ ಏಳು ವರ್ಷ.
ಕಟ್ಟಿಹಾಕಿದ ಬೆಲೆಯನ್ನು ಒಮ್ಮೆಲೇ ಬಿಟ್ಟರು.
ರೊಟ್ಟಿ ಇಮ್ಮಡಿಯಾಯಿತು, ಬೀದಿ ತುಂಬಿತು, ಗುಂಡು ಹಾರಿತು.
ಕೆಲವೇ ದಿನಕ್ಕೆ ಬೆಲೆ ಹಳೆಯ ಜಾಗಕ್ಕೆ ಮರಳಿತು.
ಹೋದವರೆಲ್ಲ ಮರಳಲಿಲ್ಲ.
ಅಂದಿನಿಂದ ಈ ಮೊಳೆ ಕೀಳಲು ಬಂದ ಮಂತ್ರಿಗೆಲ್ಲ
ಇಕ್ಕಳ ಕೈಯಲ್ಲೇ ಬೆವರುತ್ತದೆ.

ಸಾಲಿನಲ್ಲಿ ಹಲೂಮಾ ಮುದುಕಿ, ಮಂಡಿ ಹಿಡಿದುಕೊಂಡು:
"ನನ್ನನ್ನೂ ತೂಗಪ್ಪ ನಿನ್ನ ತಕ್ಕಡೀಲಿ,
ಎರಡು ತಾಸು ನಿಂತು ಎಷ್ಟು ಇಳಿದಿದ್ದೀನೋ ನೋಡು."
ನನ್ನ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಬೆಲೆಯ ಉಳಿದ ಪಾಲನ್ನು
ಆಕೆ ಮಂಡಿಯಿಂದ ಕೊಟ್ಟಿದ್ದಾಳೆ.

ಅಯ್ಯೋ ಪಾಪ ಅನ್ನುವಷ್ಟರಲ್ಲಿ
ಹತ್ತು ರೊಟ್ಟಿ ಕೊಂಡಳು.
ಮನೆಗೆ ಎರಡು. ಮಿಕ್ಕಿದ್ದು ಹಿತ್ತಲಿನ ಕುರಿಗೆ.
"ಜವೆಯ ಬೆಲೆ ಕೇಳಿದ್ದೀಯಾ? ಜವೆಗಿಂತ ರೊಟ್ಟಿಯೇ ಅಗ್ಗ.
ಲೆಕ್ಕ ನಿಮಗೊಬ್ಬರಿಗೇ ಬರುತ್ತದೇನು?"
ಅವಳ ಕುರಿ ಈ ಹೊತ್ತು
ದೇಶದ ಖಜಾನೆಯನ್ನು ಮೆಲುಕು ಹಾಕುತ್ತಿರಬಹುದು.
ಹಬ್ಬದ ಸಂತೆಯಲ್ಲಿ ಅದರ ಬೆಲೆಗೆ ಯಾವ ಮೊಳೆಯೂ ಇಲ್ಲ.

ಎಲ್ಲರೂ ಸರಿ. ಮೊಂಜಿ ಸರಿ, ಹಲೂಮಾ ಸರಿ,
ಚುಕ್ಕೆ ಸರಿ, ಹಿಂದಿನ ಬೆಂಚಿನವಳೂ ಸರಿ.
ದಂಡದ ಪುಸ್ತಕ ತೆರೆದೆ. ಪೆನ್ನು ತಡವರಿಸಿತು.
"ಎಚ್ಚರಿಕೆ" ಎಂದಷ್ಟೇ ಬರೆದು ಸಹಿ ಹಾಕಿದೆ.

ಹೊರಡುವಾಗ ಮೊಂಜಿ ಕಾಗದದಲ್ಲಿ ಸುತ್ತಿ ಒಂದು ರೊಟ್ಟಿ ಕೊಟ್ಟ.
ದುಡ್ಡು ಎಣಿಸಿಯೇ ಕೊಟ್ಟೆ, ಒಂದು ಮಿಲ್ಲೀಮೂ ಬಿಡದೆ.
ಮನೆಯಲ್ಲಿ ಸಾಸಿಯಾ ಚಾಕು ಹಿಡಿದು ನಿಂತಿದ್ದಳು.
ತಡಿ, ಎಂದು ರೊಟ್ಟಿಯನ್ನು ತಕ್ಕಡಿಗಿಟ್ಟೆ.
ಚಟ, ಬೇರೇನಲ್ಲ.

ಮುಳ್ಳು ಕಾನೂನನ್ನು ದಾಟಿ
ಹದಿನೆಂಟು ಗ್ರಾಂ ಆಚೆ ಹೋಗಿ ನಿಂತಿತು.

ಕೊಸರು.
ಸಾಲಿನಲ್ಲಿ ನಿಲ್ಲದವನಿಗೆ.

"ಸರಿಯಿದೆಯಾ?" ಅಂದಳು ಸಾಸಿಯಾ.
ರೊಟ್ಟಿ ಇನ್ನೂ ಬೆಚ್ಚಗಿತ್ತು.
ಕೊಯ್ಯಿ, ಅಂದೆ.